ಮಸಾಲಿ ಡಬ್ಬಿಯೊಳಗಿನ ಚಿಪ್ಪು

ಪ್ಲಂಬರ್ ಗೋಡೆಯ ಮೊಳೆಯಿಂದ ಡಬ್ಬಿ ಕಿತ್ತು ನನ್ನ ಕೈಗಿಟ್ಟು, “ಇನ್ನ ಇದರ ಕೆಲಸ ಮುಗೀತ್ರಿ ಅಕ್ಕಾರ, ಗುಜರಿಗೆ ಹಾಕ್ರಿ,” ಎಂದ. ಧಾರವಾಡದ ನಮ್ಮ ಓಣಿಗೆ ಹೋದ ತಿಂಗಳಿಂದ ಇಪ್ಪತ್ನಾಲ್ಕು ತಾಸೂ ನಳದಲ್ಲಿ ನೀರು ಬರುತ್ತಿದೆ. ಅದಕ್ಕೂ ಮೊದಲು ಎಂಟು ದಿನಕ್ಕೊಮ್ಮೆ ಬರುತ್ತಿತ್ತಲ್ಲ, ಆ ನೀರನ್ನು ಕಾಯಲಿಕ್ಕೆ ಹದಿನೆಂಟು ವರ್ಷದ ಹಿಂದೆ ಸಂಪಿನ ಮೇಲಿನ ಗೋಡೆಗೆ ನಾನೇ ತೂಗುಹಾಕಿದ್ದ ಡಬ್ಬಿ ಅದು. ಮುಚ್ಚಳ ತೆಗೆದೆ. ಮಸಾಲಿ ಖಾರದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ, ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಯ ವಾಸನೆ, ಬಹಳ ಸಣ್ಣಗೆ...

ಅಷ್ಟೇ ಸಾಕಾಯಿತು. ನಾನು ಅಲ್ಲೇ ಸಂಪಿನ ಕಟ್ಟೆಯ ಮೇಲೆ ಕೂತುಬಿಟ್ಟೆ.

ಒಳಗಿನಿಂದ ಅವ್ವ ಕೂಗಿದಳು. “ನನ್ನ ಡಬ್ಬಿ ಬಂತೇನು? ಹದಿನೆಂಟ ವರ್ಷ ಆತು, ಆ ಅಳತಿದು ಇನ್ನೊಂದ ಸಿಕ್ಕಿಲ್ಲ ನನಗ!” ಹೌದು, ಅದು ಅವ್ವನ ಮಸಾಲಿ ಡಬ್ಬಿ. ಕೇಳದೇ ಒಯ್ದಿದ್ದೆ, ತೂತು ಕೊರೆದಿದ್ದೆ, ಒಳಗೆ ಒಂದು ಸರ್ಕ್ಯೂಟ್ ಬೋರ್ಡ್ ಕೂಡಿಸಿದ್ದೆ. ಅವ್ವ ಆ ಸಿಟ್ಟನ್ನು ಇಷ್ಟು ವರ್ಷ ಬಡ್ಡಿ ಸಮೇತ ಕಾಯ್ದಿಟ್ಟುಕೊಂಡಿದ್ದಾಳೆ. ಬೋರ್ಡಿನ ನಡುವೆ ಚೌಕಾಕಾರದ ಕರಿ ಚಿಪ್ಪು, ಅಂದರೆ ಎಲೆಕ್ಟ್ರಾನಿಕ್ ಚಿಪ್, ಅದರ ಬೆನ್ನ ಮೇಲೆ ಒಂದು ಚೀಟಿ. ಚೀಟಿಯಲ್ಲಿ ಬಾಲ್‌ಪೆನ್ನಿನ ದುಂಡು ಅಕ್ಷರ: ‘ನೀರು’. ಅದು ನನ್ನ ಅಕ್ಷರವಲ್ಲ, ಕಾಕಾನದು.

ಕಾಕಾ ನಮಗೇನೂ ಸಂಬಂಧಿಯಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಬಳೆ ಅಂಗಡಿಯ ಪಕ್ಕದ ಸಂದಿಯೊಳಗೆ, ಎರಡು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗದಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದವರು. ಹುಬ್ಬಳ್ಳಿ-ಧಾರವಾಡದ ಡಿಪ್ಲೊಮಾ ಹುಡುಗರಿಗೆಲ್ಲ ಅವರು ಕಾಕಾ. ಗರಗದ ಖಾದಿ ಅಂಗಿ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಬಲಗೈಯಲ್ಲಿ ಸದಾ ಒಂದು ಚಿಮಟಿಗೆ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ರೇಡಿಯೋ ರಿಪೇರಿಯಿಂದ ಮೇಲೆ ಬಂದವರು. ಆದರೆ ಚಿಪ್ಪುಗಳ ಜೊತೆ ಬರುವ ಇಂಗ್ಲಿಷ್ ಕಾಗದಗಳನ್ನು ಪೂರ್ತಿ ಓದಿ, ಅಂಚಿನಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದರು. ನಮ್ಮ ಸರ್‌ಗಳಲ್ಲಿ ಎಷ್ಟು ಜನ ಹಾಗೆ ಓದುತ್ತಿದ್ದರೋ, ಆ ಮಾತು ಈಗ ಬೇಡ. ನಾನೂ ಈಗ ಅದೇ ಕುರ್ಚಿಯಲ್ಲಿ ಕೂತವಳು.

ಕಾಕಾನ ಅಂಗಡಿಗೆ ಒಂದು ವಿಚಿತ್ರ ಪದ್ಧತಿ ಇತ್ತು. ನೀವು ಕೇಳಿದ ಚಿಪ್ಪನ್ನು ಅವರು ಕೂಡಲೇ ಕೊಡುತ್ತಿರಲಿಲ್ಲ. ಚಿಮಟಿಗೆಯಲ್ಲಿ ಎತ್ತಿ ನಿಮ್ಮ ಮುಖದ ಮುಂದೆ ಹಿಡಿದು, “ಇದು ಏನ್ ಮಾಡತೈತಿ, ಹೇಳು,” ಎನ್ನುತ್ತಿದ್ದರು. ಹೇಳಿದರೆ ಗಾಜಿನ ಕೌಂಟರಿನ ಮೇಲೆ ಚಿಮಟಿಗೆಯಿಂದ ಟಕ್ ಟಕ್ ಎಂದು ಎರಡು ಸಲ ಬಡಿದು ಕಟ್ಟಿಕೊಡುತ್ತಿದ್ದರು. ಹೇಳದಿದ್ದರೆ ಚಿಪ್ಪು ವಾಪಸ್ ಡ್ರಾವರಿಗೆ. “ತಿಳೀಲಾರದ ಒಯ್ದದ್ದು ಮೂಲ್ಯಾಗ ಬೀಳತೈತಿ,” ಎಂಬುದು ಅವರ ಮಾತು. ಹುಡುಗರು ಅದಕ್ಕೆ ‘ವೈವಾ ಅಂಗಡಿ’, ಬಾಯಿಮಾತಿನ ಪರೀಕ್ಷೆಯ ಅಂಗಡಿ, ಎಂದು ಹೆಸರಿಟ್ಟಿದ್ದರು. ಎಷ್ಟೋ ಜನ ಈ ಉಪದ್ವ್ಯಾಪ ಬೇಡವೆಂದು ಮುಂದಿನ ಬೀದಿಯ ಅಂಗಡಿಗೆ ಹೋಗಿ ಹೆಚ್ಚು ಕೊಟ್ಟು ತರುತ್ತಿದ್ದರು.

ನಾನೂ ಅಲ್ಲಿಗೇ ಹೋಗುವವಳಿದ್ದೆ. ನನ್ನ ಕೆಟ್ಟ ನಸೀಬಕ್ಕೆ ಆ ದಿನ ಆ ಅಂಗಡಿ ಮುಚ್ಚಿತ್ತು.

ನನ್ನ ಪರಿಸ್ಥಿತಿ ಹೀಗಿತ್ತು. ವಿದ್ಯಾನಗರದ ಒಂದು ಪಾಲಿಟೆಕ್ನಿಕ್‌ನಲ್ಲಿ ಕೊನೆಯ ವರ್ಷ. ಡಿಜಿಟಲ್ ವಿಷಯದಲ್ಲಿ ಒಂದು ಸಲ ಆಗಲೇ ಫೇಲಾಗಿ, ಮತ್ತೆ ಪರೀಕ್ಷೆ ಕಟ್ಟಿ, ಹೇಗೋ ದಾಟಿದ್ದೆ. ಈಗ ಪ್ರಾಜೆಕ್ಟ್ ತೋರಿಸಿ ಪಾಸಾಗಬೇಕು, ಇಲ್ಲದಿದ್ದರೆ ವರ್ಷ ಹೋಯಿತು. ಉಳಿದದ್ದು ಹನ್ನೆರಡು ದಿನ. ನಾನು ಆರಿಸಿದ್ದು ನಮ್ಮ ಮನೆಯ ನೀರಿನ ಗೋಳು. ಅವ್ವ ಕನ್ನಡ ಸಾಲಿಯಲ್ಲಿ ಕಲಿಸುವ ಅಕ್ಕೋರು. ನೀರು ಬರುವ ದಿನ ಅರ್ಧ ದಿನ ರಜೆ ಹಾಕಿ ನಳದ ಮುಂದೆ ಕೂಡುತ್ತಿದ್ದಳು, ಏಕೆಂದರೆ ಮೊದಲ ಹತ್ತು ನಿಮಿಷ ರಾಡಿ ನೀರು. ನಳ ತೆರೆದಿಟ್ಟು ಹೋದರೆ ಇಡೀ ಸಂಪು ಕೆಡುತ್ತದೆ. ನೀರು ಬಂತೋ ಎಂದು ನೋಡಿ, ಹತ್ತು ನಿಮಿಷ ರಾಡಿಯನ್ನು ಗಟಾರಕ್ಕೆ ಬಿಟ್ಟು, ಆಮೇಲೆ ಸಂಪಿಗೆ ತಿರುಗಿಸಿ, ಸಂಪು ತುಂಬಿದರೆ ನಿಲ್ಲಿಸಿ, ಮೇಲಿನ ಟಾಕಿ ಖಾಲಿ ಇದ್ದರೆ ಮೋಟರ್ ಹಚ್ಚುವ ಒಂದು ಯಂತ್ರ ಮಾಡುತ್ತೇನೆಂದು ಬರೆದುಕೊಟ್ಟಿದ್ದೆ. ಬರೆಯಲಿಕ್ಕೇನು, ಕಾಗದ ಬೇಡ ಅನ್ನುತ್ತದೆಯೇ?

ಮಾಡಲು ಕೂತಾಗ ಬಣ್ಣ ಬಯಲಾಯಿತು. ಒಂದೊಂದೇ ಕೆಲಸ ಮಾಡುವ ಹದಿನೆಂಟು ಸಣ್ಣ ಚಿಪ್ಪುಗಳು, ಅಂದರೆ ಐಸಿಗಳು, ಅವುಗಳ ನಡುವೆ ಕೆಂಪು, ಹಸಿರು, ಹಳದಿ ತಂತಿಗಳ ಕೂದಲು. ಯಾರೂ ಓಡಾಡದಿದ್ದರೆ ಕೆಲಸ ಮಾಡುತ್ತಿತ್ತು. ಪಕ್ಕದಲ್ಲಿ ಯಾರಾದರೂ ಸೀನಿದರೆ ಒಂದು ತಂತಿ ಸಡಿಲಾಗಿ, ಸಂಪಿನಲ್ಲಿ ನೀರಿಲ್ಲದಿದ್ದರೂ ಮೋಟರ್ ಶುರುವಾಗುತ್ತಿತ್ತು. ಇನ್ನೂ ಆರು ಐಸಿ ಹಾಕಿದರೆ ಸರಿಹೋದೀತು ಎಂದು ಚೀಟಿ ಬರೆದುಕೊಂಡು ಹೊರಟಿದ್ದೆ.

ಕಾಕಾ ಚೀಟಿ ಓದಿದರು, ನನ್ನ ಸರ್ಕ್ಯೂಟಿನ ಚಿತ್ರ ನೋಡಿದರು, ಕನ್ನಡಕ ತೆಗೆದು ಒರೆಸಿದರು.

“ಇವು ಆರೂ ನಾ ಕೊಡೂದಿಲ್ಲ ತಂಗಿ.”

“ಯಾಕ್ರಿ ಕಾಕಾ? ಸ್ಟಾಕ್ ಇಲ್ಲೇನ್ರಿ?”

“ಸ್ಟಾಕ್ ಐತಿ. ಇಪ್ಪತ್ತನಾಕು ಚಿಪ್ಪು ಹಾಕಿ ನೀ ತಂತಿಯೊಳಗ ಸಿಕ್ಕೊಂಡು ಸಾಯತಿ. ನಿನಗ ಬೇಕಾದ್ದು ಒಂದು.” ಡ್ರಾವರಿನ ತಳದಿಂದ ಒಂದು ಚೌಕ ಚಿಪ್ಪು ತೆಗೆದರು. ಸಿಪಿಎಲ್‌ಡಿ. ಕಾಂಪ್ಲೆಕ್ಸ್ ಪ್ರೋಗ್ರಾಮೇಬಲ್ ಲಾಜಿಕ್ ಡಿವೈಸ್ ಎಂಬ ಉದ್ದ ಹೆಸರಿನ ಆ ಪದಾರ್ಥ ನಮ್ಮ ಪುಸ್ತಕದ ಕೊನೆಯ ಅಧ್ಯಾಯದಲ್ಲಿತ್ತು. ಕೊನೆಯ ಅಧ್ಯಾಯವನ್ನು ಯಾರು ಓದುತ್ತಾರೆ?

“ಕೊಡ್ರಿ ಹಂಗಾದ್ರ,” ಎಂದು ಕೈ ಚಾಚಿದೆ. ಚಿಮಟಿಗೆ ಹಿಂದಕ್ಕೆ ಹೋಯಿತು.

“ಇದು ಏನ್ ಮಾಡತೈತಿ, ಹೇಳವಾ.”

ಮರುದಿನ ಆ ಅಧ್ಯಾಯ ಬಾಯಿಪಾಠ ಮಾಡಿ ಹೋದೆ. ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಪಟಪಟ ಒಪ್ಪಿಸಿದೆ. ಒಂದಕ್ಷರ ತಪ್ಪಲಿಲ್ಲ. ಕಾಕಾ ಪೂರ್ತಿ ಕೇಳಿ, “ಛಲೋ ಆತು. ಈಗ ಮನ್ಯಾಗ ನಿಮ್ಮ ಅವ್ವಗ ಹೇಳಿದಂಗ ಹೇಳು,” ಎಂದರು. ನಾನು ಮತ್ತೆ ಅದೇ ಇಂಗ್ಲಿಷ್ ಸಾಲಿನಿಂದ ಶುರು ಮಾಡಿದೆ. ಚಿಪ್ಪು ಡ್ರಾವರಿಗೆ ಹೋಯಿತು.

ಸಿಟ್ಟು ನೆತ್ತಿಗೇರಿತ್ತು. ಮಾರಲು ಕೂತವರು ಮಾರಬೇಕಪ್ಪ, ಇದೆಲ್ಲಿಯ ಪರೀಕ್ಷೆ? ಆದರೂ ಮನೆಗೆ ಹೋಗಿ ಅವ್ವನಿಗೆ ಹೇಳಲು ನೋಡಿದೆ. “ಅವ್ವಾ, ಇದರೊಳಗ ಬಹಳ ಗೇಟ್ ಇರತಾವ.” ಅವ್ವ ಕೊಡ ಇಳಿಸಿ, “ಗೇಟ್ ಇದ್ರ ಕಾಯಾಂವ ಬೇಕಲ್ಲ?” ಎಂದಳು. ಆವತ್ತೇ ನನಗೆ ಅರ್ಥವಾದದ್ದು, ನನಗೆ ಏನೂ ಅರ್ಥವಾಗಿಲ್ಲವೆಂದು.

ಮತ್ತೊಂದು ಸಲ ಹೋಗಿ, “ಒಂದು ಡಬ್ಬಿಯೊಳಗ ಬಹಳ ಸ್ವಿಚ್ ಇದ್ದಂಗ ಕಾಕಾ,” ಎಂದೆ. “ಅದಕ್ಕ ಸ್ವಿಚ್ ಬೋರ್ಡ್ ಅಂತಾರ. ಎದುರಿನ ಅಂಗಡ್ಯಾಗ ಸಿಗತೈತಿ,” ಎಂದರು. ಬಳೆ ಅಂಗಡಿಯವರೂ ನಕ್ಕರು.

ಹನ್ನೆರಡರಲ್ಲಿ ನಾಲ್ಕು ದಿನ ಹೀಗೇ ಹೋಯಿತು. ಐದನೇ ಸಂಜೆ ಧಾರವಾಡದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹಸಿವಾಗಿತ್ತು, ಗಿರ್ಮಿಟ್ ಗಾಡಿಯ ಮುಂದೆ ಹೋದೆ. ನನ್ನ ಮುಂದೆ ಐದಾರು ಜನ. ಒಬ್ಬರು, “ಉಳ್ಳಾಗಡ್ಡಿ ಇರ್ಲಿ, ಟೊಮ್ಯಾಟೊ ಇರ್ಲಿ, ಖಾರ ಬ್ಯಾಡ್ರಿ.” ಇನ್ನೊಬ್ಬರು, “ಉಳ್ಳಾಗಡ್ಡಿ ಬ್ಯಾಡ, ಪುಠಾಣಿ ಹಿಟ್ಟು ಇರ್ಲಿ.” ಗಾಡಿಯವನು ಯಾರ ಮುಖವನ್ನೂ ನೋಡದೇ, ಬಟ್ಟಲಿನಿಂದ ಬಟ್ಟಲಿಗೆ ಕೈ ಆಡಿಸಿ ಒಂದೊಂದು ತಟ್ಟೆಯನ್ನು ಅವರವರ ಮಾತಿನಂತೆ ಕಲಸಿ ಕೊಡುತ್ತಿದ್ದ. ಬಟ್ಟಲುಗಳು ಅವೇ. ಮಂಡಕ್ಕಿ ಅದೇ. ಹೇಳಿದ ಮಾತಷ್ಟೇ ಬೇರೆ.

ಬಂದ ಬಸ್ಸನ್ನು ಬಿಟ್ಟು, ಗಿರ್ಮಿಟ್ ಪೊಟ್ಟಣ ಕೈಯಲ್ಲಿ ಹಿಡಿದೇ ದುರ್ಗದಬೈಲಿಗೆ ವಾಪಸ್ ಓಡಿದೆ. ಕಾಕಾ ಶಟರಿಗೆ ಕೈ ಹಾಕಿದ್ದರು.

“ಕಾಕಾ, ಇದು ಗಿರ್ಮಿಟ್ ಗಾಡಿ ಐತ್ರಿ!”

“ಕುಂದರು. ದಮ್ಮ ತಗೋ. ಹೇಳು.”

“ಸಣ್ಣ ಐಸಿ ಅಂದ್ರ ಉಳ್ಳಾಗಡ್ಡಿಗೆ ಒಂದು ಗಾಡಿ, ಖಾರಕ್ಕ ಒಂದು ಗಾಡಿ ಇಟ್ಟಂಗ್ರಿ. ಗಾಡಿಯಿಂದ ಗಾಡಿಗೆ ತಂತಿ ಎಳದು ಎಳದು ನಾವು ಸಾಯಬೇಕು. ಇದರಾಗ ಬಟ್ಟಲ ಎಲ್ಲಾ ಒಂದ ಗಾಡಿ ಮ್ಯಾಲ ಅದಾವು. ಯಾವ್ದು ಬೇಕು, ಯಾವ್ದು ಬ್ಯಾಡ ಅಂತ ನಾವು ಬರದ ಕೊಡೂದು. ‘ನಳಕ್ಕ ನೀರ ಬಂದೈತಿ, ಹತ್ತ ನಿಮಿಷ ಆಗೇತಿ, ಸಂಪು ತುಂಬಿಲ್ಲ’. ಇದು ಒಂದು ಸಾಲು. ಸಾಲಿನ್ಯಾಗ ಹೇಳಿದ್ದು ಎಲ್ಲಾನೂ ಖರೇ ಆಗಬೇಕು. ಆದ್ರ ಅಂಥಾ ನಾಕೈದು ಸಾಲಿನ್ಯಾಗ ಯಾವ್ದರೆ ಒಂದು ಖರೇ ಆದ್ರ ಸಾಕು, ತಾಟು ಹೊರಗ ಬರತೈತಿ.”

“ಹತ್ತ ನಿಮಿಷ ಆತೋ ಇಲ್ಲೋ ಅಂತ ಯಾರು ನೆನಪಿಡತಾರ?”

“ಪ್ರತಿ ತಾಟಿನ ಬಾಜೂಕ ಒಂದು ಸಣ್ಣ ನೆನಪಿನ ಗೂಡು ಐತಲ್ರಿ? ಅದರಾಗ ಎಣಿಕಿ ಕುಂದರತೈತಿ.”

ಟಕ್ ಟಕ್.

ಆ ಸದ್ದು ಕೇಳಿದಾಗ ಆದ ಖುಷಿ ಮುಂದೆ ಡಿಪ್ಲೊಮಾ ಕೈಗೆ ಬಂದಾಗಲೂ ಆಗಲಿಲ್ಲ, ಸುಳ್ಳು ಹೇಳುವುದಿಲ್ಲ. ಕಾಕಾ ಕುಂಕುಮದ ಭರಣಿಯೊಳಗೆ ಕರಿ ಸ್ಪಂಜು ಇಟ್ಟು ಚಿಪ್ಪನ್ನು ಅದರಲ್ಲಿ ಒತ್ತಿ ಕೊಟ್ಟರು. ನನ್ನ ಗಿರ್ಮಿಟ್ಟಿನಲ್ಲಿ ಅರ್ಧ ಪಾಲೂ ತಗೊಂಡರು. ಆರಿ ಮೆತ್ತಗಾಗಿತ್ತು, ಆದರೂ ಇಬ್ಬರೂ ಪೊಟ್ಟಣ ನೆಕ್ಕಿ ಮುಗಿಸಿದೆವು.

ಮೂರು ದಿನ ಅವರ ಅಂಗಡಿಯ ಹಿಂಬದಿಯ ಹಳೇ ಕಂಪ್ಯೂಟರ್ ಮುಂದೆ ಕೂತು ನನ್ನ ಸಾಲುಗಳನ್ನು ಬರೆದೆ. ಕಾಕಾ ಅವನ್ನು ಕೇಬಲ್ಲಿನ ಮೂಲಕ ಚಿಪ್ಪಿನೊಳಗೆ ಇಳಿಸಿದರು. ಹದಿನೆಂಟು ಐಸಿಗಳ ಜಾತ್ರೆ ಹೋಗಿ ಒಂದೇ ಚಿಪ್ಪು, ನಾಲ್ಕು ದೀಪ, ನಾಲ್ಕು ಗುಂಡಿ. ತೋರಿಸಲಿಕ್ಕೆ ನೀರು ಬಂದದ್ದರ ಬದಲು ಗುಂಡಿ, ಗಟಾರ, ಸಂಪು, ಮೋಟರಿನ ಬದಲು ದೀಪ. ಸೀನಿದೆ, ಮೇಜು ಗುದ್ದಿದೆ, ಏನೂ ಆಗಲಿಲ್ಲ. ಕಾಕಾ ಚೀಟಿಯ ಮೇಲೆ ‘ನೀರು’ ಎಂದು ಬರೆದು ಚಿಪ್ಪಿಗೆ ಅಂಟಿಸಿದರು.

ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ನಮ್ಮ ಸರ್ ಒಮ್ಮೆ ತರಗತಿಯಲ್ಲಿ ಇನ್ನೊಂದು ಜಾತಿಯ ಚಿಪ್ಪಿನ ಬಗ್ಗೆ ಹೇಳುತ್ತ, ಕರೆಂಟ್ ಹೋದ ಕೂಡಲೇ ಅದು ಎಲ್ಲ ಮರೆತುಬಿಡುತ್ತದೆ ಎಂದಿದ್ದರು. ನಾನು ಅರ್ಧ ನಿದ್ದೆಯಲ್ಲಿ ಕೇಳಿ ಎಲ್ಲ ಚಿಪ್ಪೂ ಹಾಗೇ ಎಂದು ಹಿಡಿದಿದ್ದೆ. ಆದ್ದರಿಂದ ಬೋರ್ಡಿಗೆ ಒಂದು ಒಂಬತ್ತು ವೋಲ್ಟಿನ ಬ್ಯಾಟರಿ ಸಿಕ್ಕಿಸಿ, ದೀಪ ಉರಿಯುತ್ತಿರುವಂತೆಯೇ, ಎರಡೂ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಧಾರವಾಡಕ್ಕೆ ಒಯ್ದೆ. ಕಂಡಕ್ಟರ್ ಟಿಕೆಟ್ ಕೇಳಿದರೆ ಕೈ ಬಿಡಲಾಗದೆ ಪಕ್ಕದ ಅಜ್ಜಿಗೆ ನನ್ನ ಪರ್ಸ್ ತೆಗೆಯಲು ಹೇಳಿದೆ. ಅಜ್ಜಿ, “ಯಾವ ದೇವರವಾ ಇದು?” ಎಂದು ದೀಪಕ್ಕೆ ಕೈ ಮುಗಿದಳು. ಮನೆಯಲ್ಲಿ ಬ್ಯಾಟರಿ ಸೊರಗುವ ಮೊದಲೇ ಇನ್ನೊಂದು, ಅದರ ಮೇಲೆ ಮತ್ತೊಂದು. ಬದಲಿಸುವಾಗ ಒಂದು ಗಳಿಗೆಯೂ ಕರೆಂಟ್ ತಪ್ಪಬಾರದೆಂದು ಅವ್ವನಿಗೆ ಹೊಸ ಬ್ಯಾಟರಿಯ ತಂತಿ ಒತ್ತಿ ಹಿಡಿಯಲು ಕೂಡಿಸಿದೆ. “ನೀರ ಕಾಯೂದ ತಪ್ಪಸ್ತೀನಿ ಅಂದಿ, ಈಗ ಇದನ್ನೂ ಕಾಯಬೇಕೇನ?” ಎಂದು ಬೈದಳು ಅವ್ವ.

ಪರೀಕ್ಷೆಯ ಹಿಂದಿನ ದಿನ, ಬೋರ್ಡು ಹಿಡಿದುಕೊಂಡೇ ಮತ್ತೆ ಬ್ಯಾಟರಿ ಕೇಳಲು ಕಾಕಾನಲ್ಲಿಗೆ ಹೋದೆ.

“ಎಷ್ಟ ಬ್ಯಾಟರಿ ತಿಂತೈತವಾ ಇದು? ಮೂರು ದಿನದಾಗ ಏಳು ಆತು.”

ಹೇಳಿದೆ. ಕಾಕಾ ಕೇಳುತ್ತ ಕೇಳುತ್ತ ಕೌಂಟರಿನ ಕೆಳಗೆ ಬಗ್ಗಿದರು. ಏನೋ ಹುಡುಕುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. ಮೇಲೆದ್ದು ಕಣ್ಣೊರೆಸಿಕೊಂಡು, ನಾನು ಬೇಡ ಬೇಡವೆಂದು ಕಿರುಚುತ್ತಿದ್ದಂತೆಯೇ ಬ್ಯಾಟರಿಯನ್ನು ಕಿತ್ತೇಬಿಟ್ಟರು. ದೀಪ ಆರಿತು. ನನ್ನ ಕಣ್ಣಲ್ಲಿ ನೀರು ಬಂತು, ಖರೇ ಹೇಳುತ್ತೇನೆ. ಒಂದರಿಂದ ಹತ್ತು ಎಣಿಸಿ ಮತ್ತೆ ಸಿಕ್ಕಿಸಿದರು. ‘ನಳಕ್ಕೆ ನೀರು’ ಗುಂಡಿ ಒತ್ತಿದರು. ಗಟಾರದ ದೀಪ ಉರಿಯಿತು. ಹತ್ತು ನಿಮಿಷ ಎಂದು ಇಟ್ಟಿದ್ದ ಎಣಿಕೆ ಮುಗಿಯುವವರೆಗೂ ಇಬ್ಬರೂ ದೀಪವನ್ನೇ ನೋಡುತ್ತ ಕೂತೆವು. ಆಮೇಲೆ ಸಂಪಿನ ದೀಪ, ನಾನು ಬರೆದಂತೆಯೇ.

“ಎಷ್ಟ ಎಣಿಸಿದ್ದೆ ಅನ್ನೂದು ಮರೀತೈತಿ ತಂಗಿ. ಹೆಂಗ ಎಣಿಸಬೇಕು ಅನ್ನೂದು ಮರಿಯೂದಿಲ್ಲ.”

ಪರೀಕ್ಷೆಗೆ ಬಂದ ಹೊರಗಿನ ಸರ್ ಇಂಗ್ಲಿಷಿನಲ್ಲಿ ಕೇಳಿದರು, ನಾನು ಗಡಿಬಿಡಿಯಲ್ಲಿ ಗಿರ್ಮಿಟ್ ಗಾಡಿಯಿಂದಲೇ ಶುರು ಮಾಡಿದೆ. ಅವರು ಬೆಳಗಾವಿ ಕಡೆಯವರು, ಮುಗಿಯುವ ಹೊತ್ತಿಗೆ ಅವರ ಬಾಯಲ್ಲೂ ನೀರೂರಿತ್ತು. ಪಾಸಾದೆ. ಪೇಡೆ ತಗೊಂಡು ಕಾಕಾನಲ್ಲಿಗೆ ಓಡಿದಾಗ ಅವರು ಒಂದು ಷರತ್ತು ಹಾಕಿದರು. ಈ ಚಿಪ್ಪನ್ನು ಅಳಿಸಿ ಮತ್ತೆ ಮತ್ತೆ ಬರೆಯಬಹುದು. ನಿನಗೆ ಬೇಡವಾದ ದಿನ ಮೂಲೆಗೆ ಒಗೆಯಬೇಡ, ನನಗೆ ತಂದು ಕೊಡು, ಇನ್ನೊಬ್ಬ ಹುಡುಗಿಗೆ ಆಗುತ್ತದೆ ಎಂದರು.

“ಇಪ್ಪತ್ನಾಕ ತಾಸು ನೀರ ಬಂದ ದಿನಾ ತಂದ ಕೊಡ್ತೇನ್ರಿ,” ಎಂದೆ. ಆಗ ಅದು ಊರಿನ ದೊಡ್ಡ ಜೋಕು.

“ಅವತ್ತ ನೀ ಅಜ್ಜಿ ಆಗಿರತಿ, ನಾ ಫೋಟೋದಾಗ ಇರತೇನಿ,” ಎಂದು ಕಾಕಾ ಜೋರಾಗಿ ನಕ್ಕರು.

ಆಮೇಲೆ ನಾನು ಓದಿದೆ, ಕಲಿಸುವ ಕೆಲಸಕ್ಕೆ ಸೇರಿದೆ. ಮೊದಮೊದಲು ತಿಂಗಳಿಗೊಮ್ಮೆ ಕಾಕಾನ ಅಂಗಡಿಗೆ ಹೋಗುತ್ತಿದ್ದೆ. ನಾನು ಮೇಡಂ ಆದರೂ ಪ್ರಶ್ನೆ ತಪ್ಪುತ್ತಿರಲಿಲ್ಲ. ಆಮೇಲೆ ಫೋನಿನಲ್ಲೇ ಎಲ್ಲ ತರಿಸುವ ರೂಢಿ ಬಂತು. ಬೆರಳು ಒತ್ತಿದರೆ ಚಿಪ್ಪು ಮನೆ ಬಾಗಿಲಿಗೆ, ಯಾರೂ ಏನೂ ಕೇಳುವುದಿಲ್ಲ. ಎರಡು ವರ್ಷ ದುರ್ಗದಬೈಲಿನ ಆ ಸಂದಿಗೆ ಕಾಲಿಡಲಿಲ್ಲ. ಒಂದು ದೀಪಾವಳಿಗೆ ಬಳೆ ತಗೊಳ್ಳಲು ಹೋದಾಗ ಪಕ್ಕದ ಶಟರ್ ಇಳಿದಿತ್ತು. ಬಳೆ ಅಂಗಡಿಯವರು, “ಕಾಕಾ ತೀರಕೊಂಡು ನಾಕ ತಿಂಗಳಾತಲ್ರಿ ಮೇಡಂ, ನಿಮಗ ಗೊತ್ತಾಗಲಿಲ್ಲೇನ್ರಿ?” ಎಂದರು. ಗೊತ್ತಾಗಿರಲಿಲ್ಲ. ನಾಚಿಕೆಯಾಯಿತು. ಇವತ್ತಿಗೂ ಆಗುತ್ತದೆ...

ಪ್ಲಂಬರ್ ಇನ್ನೂ ನಿಂತೇ ಇದ್ದ. “ಅಷ್ಟ ಹೊತ್ತು ನೋಡಾಕತ್ತೀರಿ, ಏನ್ ಮಾಡತೈತ್ರಿ ಇದು?” ಎಂದ. ನಗು ಬಂತು. ಗಿರ್ಮಿಟ್ ಗಾಡಿಯಿಂದ ಶುರು ಮಾಡಿ ಪೂರ್ತಿ ಹೇಳಿದೆ. “ಅಂದ್ರ ಓಣಿಗೆ ನೀರ ಬಿಡೂ ನಮ್ಮ ವಾಲ್ವ್‌ಮನ್ ಅಣ್ಣಾರಿಗಿಂತ ಶಾಣ್ಯಾ ಅನ್ರಿ,” ಎಂದು ಹೊರಟ. ಅವ್ವ ಡಬ್ಬಿಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ತೂತುಗಳಿಗೆ ಟೇಪು ಹಚ್ಚಿ ಮಸಾಲಿ ಖಾರ ತುಂಬಿದಳು. ಚಿಪ್ಪನ್ನು ನಾನು ಕುಂಕುಮದ ಭರಣಿಯಲ್ಲಿಟ್ಟು ಕಾಲೇಜಿಗೆ ಒಯ್ದೆ.

ಹೋದ ವಾರ ಕೊನೆಯ ವರ್ಷದ ಹುಡುಗಿಯೊಬ್ಬಳು ಇಪ್ಪತ್ತೆರಡು ಐಸಿಗಳ ಚೀಟಿ ಹಿಡಿದು ಬಂದಳು. ಚಿಪ್ಪನ್ನು ಅವಳ ಮುಖದ ಮುಂದೆ ಹಿಡಿದು ಕೇಳಿದೆ. ಇಂಗ್ಲಿಷಿನಲ್ಲಿ ಪಟಪಟ ಒಪ್ಪಿಸಿದಳು. “ಈಗ ಮನ್ಯಾಗ ಹೇಳಿದಂಗ ಹೇಳವಾ,” ಎಂದೆ. ಮುಖ ಊದಿಸಿಕೊಂಡು ಹೋದಳು. ಎರಡು ದಿನ ಬರಲಿಲ್ಲ. ನನಗೇ ಚಿಂತೆ ಹತ್ತಿತು. ಕಾಕಾನಿಗೂ ಹೀಗೇ ಆಗುತ್ತಿತ್ತೇನೋ.

ಇವತ್ತು ಬಂದಳು. ಅವರ ಮನೆಯವರು ಹೂವಿನ ವ್ಯಾಪಾರಸ್ಥರಂತೆ. “ಪುಟ್ಟಿಯೊಳಗ ಹೂವು ಎಲ್ಲಾ ಇರತಾವ್ರಿ ಮೇಡಂ. ಸೇವಂತಿಗಿ ಇರ್ಲಿ, ಕನಕಾಂಬ್ರ ಇರ್ಲಿ, ಗುಲಾಬಿ ಬ್ಯಾಡ ಅಂತ ಗಿರಾಕಿ ಹೇಳಿದಂಗ ಮಾಲಿ ಕಟ್ಟತೇವಿ. ಇದೂ ಹಂಗರಿ. ಆದ್ರ ಕಟ್ಟಿದ ಮಾಲಿ ಬಿಚ್ಚಿ ಮತ್ತ ಕಟ್ಟಾಕ ಬರೂದಿಲ್ಲ. ಇದನ್ನ ಬಿಚ್ಚಿ ಹೊಸದು ಕಟ್ಟಬಹುದು.”

ನನ್ನ ಕೈ ತಾನಾಗಿ ಮೇಜಿನ ಮೇಲಿನ ಚಿಮಟಿಗೆಗೆ ಹೋಯಿತು. ಟಕ್ ಟಕ್.

ಚಿಪ್ಪನ್ನು ಲ್ಯಾಬಿನ ಬೋರ್ಡಿಗೆ ಕೂಡಿಸಿದೆ. ಅಳಿಸುವ ಮೊದಲು ಒಂದು ಸಲ ಗುಂಡಿ ಒತ್ತಿ ನೋಡಿದೆ. ಗಟಾರದ ದೀಪ ಉರಿಯಿತು. ಹದಿನೆಂಟು ವರ್ಷದ ಮೇಲೂ ರಾಡಿ ನೀರನ್ನು ಹೊರಗೆ ಹಾಕುತ್ತಿತ್ತು. ಆಮೇಲೆ ಅಳಿಸಿದೆ. ಕಂಪ್ಯೂಟರಿಗೆ ಅದು ನಾಲ್ಕೈದು ಸೆಕೆಂಡಿನ ಕೆಲಸ. ‘ನೀರು’ ಎಂಬ ಚೀಟಿಯನ್ನು ಮಾತ್ರ ಉಗುರಿನಿಂದ ಎಬ್ಬಿಸಿ ನನ್ನ ಪರ್ಸಿನಲ್ಲಿಟ್ಟುಕೊಂಡೆ.

ಹುಡುಗಿ ಚಿಪ್ಪಿನ ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲವರೆಗೆ ಹೋಗಿ ತಿರುಗಿದಳು. “ಮುಗದ ಮ್ಯಾಲೆ ಇದನ್ನ ಯಾರಿಗೆ ವಾಪಸ್ ಕೊಡ್ಲಿ ಮೇಡಂ?”

ದುರ್ಗದಬೈಲಿನಲ್ಲಿ ಬಳೆ ಅಂಗಡಿ ಐತಲ್ಲ, ಅದರ ಬಾಜೂಕ... ಎಂದು ಬಾಯಿಗೆ ಬಂದಿತ್ತು. ತಡೆದುಕೊಂಡೆ.

“ನನಗ ತಂದ ಕೊಡವಾ,” ಎಂದೆ.